ಲಘುಬಾಷ್ಪಶಕಟ ಪರಿಷ್ಕಾರಶಾಸ್ತ್ರ: ಪ್ರಥಮ ಪ್ರಕರಣ

ಪಾಕಕ್ಕೆ ಶಾಸ್ತ್ರವಿದೆ, ವಾಸ್ತುವಿಗೆ ಶಾಸ್ತ್ರವಿದೆ, ಕುದುರೆಯ ಸುಳಿಗೂ ಶಾಸ್ತ್ರವಿದೆ. ಹಲ್ಲಿ ಮೈಮೇಲೆ ಬಿದ್ದರೆ ಯಾವ ಅಂಗಕ್ಕೆ ಯಾವ ಫಲವೆಂದು ನಿರ್ಣಯಿಸುವ ಗೌಳಿಶಾಸ್ತ್ರ ಪಂಚಾಂಗದ ಪುಟಗಳಲ್ಲಿ ಇಂದಿಗೂ ಸುಭದ್ರವಾಗಿದೆ. ಆದರೆ ಅನ್ಯರು ಓಡಿಸಿ ಬಿಟ್ಟ ಪುಟ್ಟ ಉಗಿಬಂಡಿಯೊಂದನ್ನು ಕ್ರಯಕ್ಕೆ ಪಡೆದು, ಅದರ ಅವಯವಗಳನ್ನು ತಿದ್ದಿ, ಹಳೆಯ ಬಣ್ಣ ಕಳೆದು ಹೊಸದನ್ನು ಲೇಪಿಸಿ, ರೇಡಿಯೋ ತರಂಗಗಳ ಮೂಲಕ ದೂರದಿಂದ ನಡೆಸುವ ಕ್ರಿಯಾಸಮುಚ್ಚಯಕ್ಕೆ ಸೂತ್ರವಿಲ್ಲ, ವೃತ್ತಿಯಿಲ್ಲ, ಭಾಷ್ಯವಿಲ್ಲ. ಈ ನ್ಯೂನತೆ ಇಷ್ಟು ಕಾಲ ವಿದ್ವಾಂಸರ ಕಣ್ಣಿಗೆ ಬೀಳದೆ ಉಳಿದದ್ದು ಹೇಗೆಂಬುದು ಪ್ರತ್ಯೇಕ ಸಂಶೋಧನೆಗೆ ಯೋಗ್ಯವಾದ ವಿಷಯ. ಪ್ರಕೃತ ಪ್ರಕರಣವು ನ್ಯೂನತೆಯನ್ನು ತುಂಬಲು ಮಾತ್ರ ಹೊರಟಿದೆ.

ಶಾಸ್ತ್ರಾರಂಭದಲ್ಲಿ ಅನುಬಂಧಚತುಷ್ಟಯವನ್ನು ಹೇಳುವುದು ಶಿಷ್ಟಾಚಾರ. ವಿಷಯವು ಮೇಲೆ ಹೇಳಿದ ಶಕಟ. ಪ್ರಯೋಜನವು ಶಕಟ ಓಡುವುದು. ಓಡದಿದ್ದರೆ, ಏಕೆ ಓಡಲಿಲ್ಲವೆಂಬ ಜ್ಞಾನ. ಸಂಬಂಧವು ಪ್ರತಿಪಾದಕ–ಪ್ರತಿಪಾದ್ಯ ಭಾವ. ಉಳಿದದ್ದು ಅಧಿಕಾರಿಯ ವಿಚಾರ. ವೇದಾಂತಕ್ಕೆ ಶಮದಮಾದಿ ಸಂಪತ್ತಿ ಬೇಕಾದಂತೆ ಇಲ್ಲಿಯೂ ಒಂದು ಪೂರ್ವಸಿದ್ಧತೆ ಬೇಕು, ಅದರ ಪರೀಕ್ಷೆ ಸುಲಭ. ಮೊಸಾಯಿಕ್ ನೆಲದ ಮೇಲೆ 2 ಮಿಲಿಮೀಟರಿನ ತಿರುಪೊಂದು ಬಿದ್ದಾಗ ಮಂಡಿಯೂರಿ ಹುಡುಕುವವನು ಅಧಿಕಾರಿ. ಇನ್ನೊಂದು ತಂದರಾಯಿತು ಎನ್ನುವವನು ಅನಧಿಕಾರಿ. ಹುಡುಕುವಾಗ ಬೇರೊಂದು ಹಳೆಯ ತಿರುಪು ಸಿಕ್ಕಿ, ಅದು ಯಾವುದರದೆಂದು ಯೋಚಿಸುತ್ತ ಮೊದಲನೆಯದನ್ನು ಮರೆಯುವವನು ಉತ್ತಮಾಧಿಕಾರಿ.

ಶಾಸ್ತ್ರ ಸಾರ್ವದೇಶಿಕವಾದರೂ ಪ್ರಯೋಗಕ್ಕೊಂದು ಕ್ಷೇತ್ರ ಬೇಕು. ಉತ್ತರಕ್ಕೆ ರಾಜಾಜಿನಗರದ ಕೈಗಾರಿಕಾ ಬಡಾವಣೆ, ದಕ್ಷಿಣಕ್ಕೆ ಕೆಂಗೇರಿಯ ರೈಲು ನಿಲ್ದಾಣ, ನಡುವೆ ಬಸವೇಶ್ವರನಗರ, ಕಾಮಾಕ್ಷಿಪಾಳ್ಯ, ವಿಜಯನಗರಗಳನ್ನೊಳಗೊಂಡ ಪಶ್ಚಿಮ ಬೆಂಗಳೂರನ್ನು ನಾವು ಈ ಶಾಸ್ತ್ರದ ಕರ್ಮಭೂಮಿಯೆಂದು ಘೋಷಿಸುತ್ತೇವೆ. ಕಾರಣ ಭಾವುಕವಲ್ಲ. ಹಿತ್ತಾಳೆಯ ಬುಷ್ ಒಂದನ್ನು ಕಡೆದುಕೊಡಬಲ್ಲ ಲೇತ್‌ಗಳು ಕಾಮಾಕ್ಷಿಪಾಳ್ಯದ ಓಣಿಗಳಲ್ಲಿವೆ. ಬಫಿಂಗ್, ಪ್ಲೇಟಿಂಗ್, ಪೌಡರ್ ಕೋಟಿಂಗ್‌ಗಳು ಮಾಗಡಿ ರಸ್ತೆಯ ಆಚೀಚೆ ಇವೆ. ಸರ್ವೋ ಬೇಕಾದರೆ ವಿಜಯನಗರದಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಚಿಕ್ಕಪೇಟೆಯಲ್ಲಿ ಇಳಿದರೆ ಎಸ್.ಪಿ. ರಸ್ತೆ ಕಾಲ್ನಡಿಗೆಯ ದೂರ. ಲೇತ್‌ನವನು ಬುಷ್ ಯಾತಕ್ಕೆಂದು ಕೇಳುತ್ತಾನೆ. ಪಂಪಿಗೆ ಎಂದು ಉತ್ತರಿಸತಕ್ಕದ್ದು. ಸತ್ಯ ಹೇಳಿದರೆ ಕಾಲವಿಳಂಬ.

ಇನ್ನು ಲಕ್ಷಣ. ಸೂತ್ರ: ಪರಭುಕ್ತಂ ಸಜಲಾನಲಂ ಲಘು ಸ್ವಯಂಗಾಮಿ ಶಕಟಮ್. ಅನ್ಯರಿಂದ ಅನುಭವಿಸಲ್ಪಟ್ಟು, ಒಳಗೆ ನಿಜವಾದ ನೀರನ್ನೂ ನಿಜವಾದ ಬೆಂಕಿಯನ್ನೂ ಹೊಂದಿ, ಅಲ್ಪಪರಿಮಾಣದ್ದಾಗಿ, ತನ್ನ ಶಕ್ತಿಯಿಂದಲೇ ಚಲಿಸುವ ಬಂಡಿ ಎಂದು ಅರ್ಥ. ಪ್ರತಿ ಪದಕ್ಕೂ ಕೃತ್ಯವಿದೆ. ‘ಸಜಲಾನಲ’ ಎನ್ನದಿದ್ದರೆ, ವಿದ್ಯುತ್ತಿನಿಂದ ಓಡುತ್ತ ಚಿಮಣಿಯಲ್ಲಿ ಸುಳ್ಳು ಹೊಗೆ ಬಿಡುವ ಆಟಿಕೆಯಲ್ಲಿ ಅತಿವ್ಯಾಪ್ತಿ. ‘ಲಘು’ ಎನ್ನದಿದ್ದರೆ, ಮೈಸೂರಿನಲ್ಲಿ 1979ರಲ್ಲಿ ಸ್ಥಾಪಿತವಾದ ರೈಲ್ವೆ ವಸ್ತುಸಂಗ್ರಹಾಲಯದ ಎಂಜಿನುಗಳಲ್ಲಿ ಅತಿವ್ಯಾಪ್ತಿ. ಅವೂ ಪರಭುಕ್ತಗಳೇ, ಅವುಗಳಿಗೂ ಆಗಾಗ ಬಣ್ಣ ಬಳಿಯುತ್ತಾರೆ. ‘ಲಘು’ವಿನ ಮೇಲ್ಮಿತಿಯನ್ನು ನಾವು ಕಲ್ಪಿಸಿಕೊಂಡಿಲ್ಲ, ಬಾಯ್ಲರ್ ಕಾನೂನಿನಿಂದ ಪಡೆದಿದ್ದೇವೆ. 25 ಲೀಟರಿಗಿಂತ ಕಡಿಮೆ ಹಿಡಿಯುವ ಪಾತ್ರೆಯನ್ನು ಆ ಕಾನೂನು ಬಾಯ್ಲರ್ ಎಂದೇ ಪರಿಗಣಿಸುವುದಿಲ್ಲ. ನಮ್ಮ ಶಕಟ ಹಿಡಿಯುವುದು ಒಂದೆರಡು ಲೋಟ. ಹೀಗಾಗಿ ಅದರಲ್ಲಿ ಬಾಯ್ಲರ್ ಇದೆಯೆಂಬುದು ಪ್ರತ್ಯಕ್ಷಸಿದ್ಧ, ಇಲ್ಲವೆಂಬುದು ಶಾಸನಸಿದ್ಧ.

‘ಸ್ವಯಂಗಾಮಿ’ ಎಂಬ ಪದದ ಕೃತ್ಯ ಎಲ್ಲಕ್ಕಿಂತ ಸೂಕ್ಷ್ಮ. ಅದಿಲ್ಲದಿದ್ದರೆ ಪ್ರೆಷರ್ ಕುಕ್ಕರಿನಲ್ಲಿ ಅತಿವ್ಯಾಪ್ತಿ ಅನಿವಾರ್ಯ. ಕುಕ್ಕರ್ ಸಜಲ, ಅನಲಸಂಬಂಧವುಳ್ಳದ್ದು, ಲಘು, ತಾಯಿಯಿಂದ ಮಗಳಿಗೆ ಬಂದದ್ದಾದರೆ ಪರಭುಕ್ತ. ಅದರ ತೂಕದ ವಾಲ್ವ್ ಚದರ ಅಂಗುಲಕ್ಕೆ ಸುಮಾರು 15 ಪೌಂಡ್ ಒತ್ತಡಕ್ಕೆ ಏಳುತ್ತದೆ. ನಮ್ಮ ಶಕಟಗಳಲ್ಲಿ ಉತ್ತಮವಾದವು 40 ಪೌಂಡ್‌ವರೆಗೆ ತಾಳುತ್ತವೆ. ಅದು ತಾರತಮ್ಯವೇ ಹೊರತು ಜಾತಿಭೇದವಲ್ಲ. ಆದರೆ ಅನಲವು ಕುಕ್ಕರಿನ ಹೊರಗಿದೆ, ಆದ್ದರಿಂದಲೇ ನಿವಾರಣೆಯಾಯಿತಲ್ಲ ಎಂದು ಪೂರ್ವಪಕ್ಷಿ ಹೇಳಬಹುದು. ಸಾಲದು, ಕೆಲವು ಶಕಟಗಳಲ್ಲೂ ಸ್ಪಿರಿಟ್ ದೀಪ ಬಾಯ್ಲರಿನ ಕೆಳಗೆ, ಹೊರಗೇ ಉರಿಯುತ್ತದೆ. ಕಡೆಗೆ ಗತಿಯೊಂದೇ ಗತಿ. ಒಲೆಯ ಮೇಲೆ ಅದುರುತ್ತ ಕೂದಲೆಳೆಯಷ್ಟು ಸರಿಯುವ ಕುಕ್ಕರಿನ ವಿಷಯದಲ್ಲಿ, ‘ಗಾಮಿ’ ಎಂದರೆ ಹಳಿಯ ಮೇಲೆ ಗಮಿಸುವುದು ಎಂಬ ವಿಶೇಷಣವನ್ನು ಅಧ್ಯಾಹಾರ ಮಾಡಿಕೊಳ್ಳಬೇಕು.

ಶಕಟವು ಆಟಿಕೆಯೋ ಯಂತ್ರವೋ ಎಂಬ ಪ್ರಾಚೀನ ವಿವಾದವನ್ನು ತಾರ್ಕಿಕರು ಬಗೆಹರಿಸಲಿಲ್ಲ, ಸುಂಕದ ಪಟ್ಟಿ ಬಗೆಹರಿಸಿತು. ಅದರ 9503ನೆಯ ಶೀರ್ಷಿಕೆಯಲ್ಲಿ ಅಳತೆ ಕುಗ್ಗಿಸಿದ ಮಾದರಿಗಳನ್ನು, ಅವು ಕೆಲಸ ಮಾಡಲಿ ಮಾಡದಿರಲಿ, ಗೊಂಬೆಗಳ ಪಂಕ್ತಿಯಲ್ಲೇ ಕೂರಿಸಲಾಗಿದೆ. ಆ ಪಂಕ್ತಿಯ ಮೂಲ ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೂ 2023ರಲ್ಲಿ 70ಕ್ಕೂ ಏರಿತು. ‘ಕೆಲಸ ಮಾಡಲಿ ಮಾಡದಿರಲಿ’ ಎಂಬ ಅಂಶದಲ್ಲಿ ಸುಂಕದ ಪಟ್ಟಿ ತೋರಿರುವ ಔದಾರ್ಯವನ್ನು ದ್ವಿತೀಯಹಸ್ತದ ಮಾರಾಟಗಾರರೂ ಬಹುಕಾಲದಿಂದ ಪಾಲಿಸಿಕೊಂಡು ಬಂದಿದ್ದಾರೆ.

ಮಾನವಿಚಾರಕ್ಕೆ ಬರೋಣ. ಲೋಕದಲ್ಲಿ ಈ ಜಾತಿಯ ಶಕಟಗಳಿಗೆ ಪ್ರಚಲಿತವಾದ ಹಳಿಯಗಲ ಎರಡು: 32 ಮಿಲಿಮೀಟರ್ ಮತ್ತು 45 ಮಿಲಿಮೀಟರ್. ಮೊದಲನೆಯದು ಒಂದು ಅಡಿಯನ್ನು 16 ಮಿಲಿಮೀಟರಿಗೆ ಇಳಿಸಿದಾಗ ಎರಡು ಅಡಿ ಹಳಿಗೆ ಸಲ್ಲುತ್ತದೆ. ಮಲೆನಾಡಿನ ಹಳೆಯ ತರೀಕೆರೆ–ನರಸಿಂಹರಾಜಪುರ ಮಾರ್ಗ ಎರಡು ಅಡಿಯದಾಗಿದ್ದರಿಂದ ಅದು ಈ ಶಾಸ್ತ್ರದಲ್ಲಿ ನಿರ್ದೋಷ. 45 ಮಿಲಿಮೀಟರ್ ಮೀಟರ್ ಗೇಜಿಗೆ ಸಲ್ಲುತ್ತದೆ, ಇಪ್ಪತ್ತೆರಡೂವರೆಯಲ್ಲಿ ಒಂದು ಪಾಲು. ಕೆಂಗೇರಿಯ ಮೂಲಕ ಹಾದ ಬೆಂಗಳೂರು–ಮೈಸೂರು ದಾರಿ ಬ್ರಾಡ್‌ಗೇಜ್ ಆಗುವವರೆಗೆ ಮೀಟರ್ ಗೇಜಿನದು. ಆದರೆ 1000ವನ್ನು 22.5ರಿಂದ ಭಾಗಿಸಿದರೆ ಬರುವುದು 44.44; ಉಳಿದ 0.56 ಮಿಲಿಮೀಟರ್ ಮೂಲಮಾರ್ಗಕ್ಕೆ ಹಿಗ್ಗಿಸಿದಾಗ ಹನ್ನೆರಡೂವರೆ ಮಿಲಿಮೀಟರ್ ಆಗುತ್ತದೆ. ಅಂದರೆ 45ರ ಹಳಿಯಲ್ಲಿ ಮೈಸೂರು ರೈಲನ್ನು ಓಡಿಸುವವನು ಬೆರಳಗಲದಷ್ಟು ಅಸತ್ಯದ ಮೇಲೆ ಓಡಿಸುತ್ತಿದ್ದಾನೆ. ಇದನ್ನು ನಾವು ಸಹಿಸುತ್ತೇವೆ, ಸಮರ್ಥಿಸುವುದಿಲ್ಲ. ಅತ್ಯಂತ ಶೋಚನೀಯ ಸ್ಥಿತಿ ಬೆಂಗಳೂರು–ಚಿಕ್ಕಬಳ್ಳಾಪುರದ ಹಳೆಯ ಲಘುರೈಲಿನದು. ಅದು ಎರಡೂವರೆ ಅಡಿಯದು. 16ರ ಲೆಕ್ಕದಲ್ಲಿ ಸರಿಯಾಗಿ 40 ಮಿಲಿಮೀಟರ್ ಬೇಕು. 32ಕ್ಕೂ 45ಕ್ಕೂ ನಡುವೆ ತ್ರಿಶಂಕುವಿನಂತೆ ನಿಂತ ಆ ಮಾರ್ಗಕ್ಕೆ ಸಿದ್ಧಹಳಿ ಸಿಗುವುದಿಲ್ಲ. ಆ ಮಾರ್ಗದ ದೇವನಹಳ್ಳಿಯ ಕಡೆಯವರಿಗೆ ಈ ಶಾಸ್ತ್ರದಿಂದ ಸದ್ಯಕ್ಕೆ ಸಮಾಧಾನವಿಲ್ಲ.

ಹಸ್ತಾಂತರ ನಾಲ್ಕು ವಿಧ. ದಾಯಾಗತ, ಎಂದರೆ ಹಿರಿಯರಿಂದ ಬಂದದ್ದು. ಪ್ರವಾಸಾಗತ, ಎಂದರೆ ವಿದೇಶದಲ್ಲಿ ನೆಲೆಸಿದ ನೆಂಟರು ಮನೆ ಖಾಲಿ ಮಾಡುವಾಗ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಬಂದದ್ದು. ಆಪಣಾಗತ, ಭಾನುವಾರದ ಗುಜರಿ ಸಂತೆಯಲ್ಲಿ ದೊರೆತದ್ದು. ಪ್ರಪಣಾಗತ, ದೂರದ ಹರಾಜಿನಲ್ಲಿ ರಾತ್ರಿ ಎಚ್ಚರವಿದ್ದು ಕೂಗಿ ಗೆದ್ದದ್ದು. ಇವುಗಳಲ್ಲಿ ಮೊದಲನೆಯದಕ್ಕೆ ಬೆಲೆಯಿಲ್ಲದಿದ್ದರೂ ಅತಿದುಬಾರಿಯೆಂಬುದು ಅನುಭವಿಗಳ ಮತ. ಎಷ್ಟನೆಯ ಹಸ್ತವೆಂಬ ಪ್ರಶ್ನೆಗೆ ಪ್ರತ್ಯಕ್ಷವಾಗಲಿ ಅನುಮಾನವಾಗಲಿ ಪ್ರಮಾಣವಾಗದು, ಮಾರುವವನ ಶಬ್ದವೊಂದೇ ಪ್ರಮಾಣ. ಆ ಶಬ್ದವೂ ಸ್ಥಿರರೂಪದ್ದು: ಸಿಂಗಲ್ ಓನರ್, ಡಾಕ್ಟರ್ ಇಟ್ಟುಕೊಂಡಿದ್ದು. ಕಾರು, ಸ್ಕೂಟರು, ಹೊಲಿಗೆ ಯಂತ್ರ, ಉಗಿಬಂಡಿಗಳೆಲ್ಲಕ್ಕೂ ಈ ವಾಕ್ಯ ಸಮಾನವಾಗಿ ಅನ್ವಯಿಸುವುದನ್ನು ನೋಡಿದರೆ, ನಾಡಿನ ವೈದ್ಯರು ವಸ್ತುಗಳನ್ನು ಬಹಳ ಮೃದುವಾಗಿ ಬಳಸುತ್ತಾರೆಂದೂ, ಬಹಳ ಬೇಗ ಮಾರುತ್ತಾರೆಂದೂ ಸಿದ್ಧವಾಗುತ್ತದೆ.

ಇಷ್ಟು ಪೀಠಿಕೆ. ಶಾಸ್ತ್ರದ ಹೃದಯ ಪರಿಷ್ಕಾರದಲ್ಲಿದೆ. ಇದಕ್ಕೆ ಹೊಸ ಪರಿಭಾಷೆಯನ್ನು ಕಟ್ಟುವ ಅಗತ್ಯವಿಲ್ಲ; ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಕನ್ನಡದ ಪದಗಳಿಗೆ ಮಾಡಿದ ವ್ಯವಸ್ಥೆ ಶಕಟಕ್ಕೂ ಸಾಕಾಗುತ್ತದೆ. ಎರಡು ಪದಗಳು ಸೇರುವಾಗ ಒಂದೋ ಏನಾದರೂ ಬಿದ್ದುಹೋಗುತ್ತದೆ, ಒಂದೋ ಹೊಸದು ಬಂದು ಸೇರುತ್ತದೆ, ಒಂದೋ ಒಂದರ ಜಾಗದಲ್ಲಿ ಇನ್ನೊಂದು ಕೂರುತ್ತದೆ, ಇಲ್ಲವೇ ಎರಡೂ ಇದ್ದಹಾಗೇ ಇರುತ್ತವೆ. ಲೋಪ, ಆಗಮ, ಆದೇಶ, ಪ್ರಕೃತಿಭಾವ. ಉಗಿಬಂಡಿ ಪೂರ್ವಪದ, ರೇಡಿಯೋ ಉತ್ತರಪದ. ಪರಿಷ್ಕಾರವೆಂದರೆ ಇವೆರಡರ ಸಂಧಿಕಾರ್ಯವೇ ಹೊರತು ಬೇರೆಯಲ್ಲ. ಈ ಐಕ್ಯವನ್ನು ಹಿಂದಿನವರು ಗುರುತಿಸದಿರಲು ಆಗ ರೇಡಿಯೋ ಇಲ್ಲದಿದ್ದುದೇ ಕಾರಣವಿರಬೇಕು.

ಲೋಪ. ಕ್ಯಾಬಿನೊಳಗೆ ಬೆರಳಿಂದ ತಿರುಗಿಸುತ್ತಿದ್ದ ಹಿಡಿಯ ಗುಂಡು ಲೋಪವಾಗುತ್ತದೆ. ಪುಟ್ಟ ಚಾಲಕನ ಗೊಂಬೆಯೂ ಲೋಪ, ಏಕೆಂದರೆ ಅವನು ನಿಂತಿದ್ದ ಜಾಗದಲ್ಲೇ ಸರ್ವೋ ಕೂರಬೇಕು. ಶಕಟಕ್ಕೆ ನಿಜವಾದ ನಿಯಂತ್ರಣ ಬಂದ ಕ್ಷಣವೇ ಅದರ ಚಾಲಕ ಕೆಲಸ ಕಳೆದುಕೊಳ್ಳುತ್ತಾನೆ. ಇದರಲ್ಲಿ ಆರ್ಥಿಕ ಇತಿಹಾಸದ ದೊಡ್ಡ ತತ್ತ್ವವೊಂದಿದೆ, ಆದರೆ ಅದು ಪ್ರಕರಣಾಂತರದ ವಿಷಯ.

ಆಗಮ. ಕನ್ನಡದಲ್ಲಿ ಆಗಮವಾಗಲು ಅರ್ಹತೆಯಿರುವುದು ಯಕಾರ ವಕಾರಗಳಿಗೆ. ಶಕಟದಲ್ಲೂ ಹಾಗೆಯೇ ಎರಡು ಸರ್ವೋಗಳಿಗೆ. ಉಗಿಯ ಪ್ರಮಾಣವನ್ನು ಆಳುವ ರೆಗ್ಯುಲೇಟರಿನದು ಯಕಾರ ಸರ್ವೋ, ಮುಂದು–ಹಿಂದುಗಳನ್ನು ಆಳುವ ರಿವರ್ಸರಿನದು ವಕಾರ ಸರ್ವೋ. ಶಿಳ್ಳೆಗೆಂದು ಮೂರನೆಯದನ್ನು ತೂರಿಸುವವರಿದ್ದಾರೆ, ಅವರು ವ್ಯಾಕರಣಬಾಹಿರರು. ಡಾಂಕಾಸ್ಟರಿನ ರೌಂಡ್‌ಹೌಸ್ ಸಂಸ್ಥೆಯ ಶಕಟಗಳಂಥ ಸ್ಲೈಡ್ ವಾಲ್ವಿನವಕ್ಕೆ ಎರಡೂ ಆಗಮಗಳು ಸಲ್ಲುತ್ತವೆ. ಆದರೆ ಬರ್ಮಿಂಗ್‌ಹ್ಯಾಮ್ ಪ್ರಾಂತದಲ್ಲಿ ಹುಟ್ಟಿದ ಮ್ಯಾಮೋಡ್ ಶಕಟದಲ್ಲಿ ಸಿಲಿಂಡರುಗಳೇ ಉಯ್ಯಾಲೆಯಾಡುತ್ತವೆ, ಒಂದೇ ತಿರುಗುವ ವಾಲ್ವ್ ಎರಡೂ ಕೆಲಸಗಳನ್ನು ಮಾಡುತ್ತದೆ: ಮಧ್ಯದಲ್ಲಿ ಮುಚ್ಚಿರುತ್ತದೆ, ಒಂದು ಕಡೆಗೆ ತಿರುಗಿದಷ್ಟೂ ಮುಂದಕ್ಕೆ, ಇನ್ನೊಂದು ಕಡೆಗೆ ತಿರುಗಿದಷ್ಟೂ ಹಿಂದಕ್ಕೆ. ಅಲ್ಲಿ ಏಕಾಗಮವೇ ಸಾಕು. ಸರ್ವೋ ಎಂಬುದೂ ಇದೇ ಸ್ವಭಾವದ್ದು. 20 ಮಿಲಿಸೆಕೆಂಡಿಗೊಮ್ಮೆ ಅದಕ್ಕೆ ಒಂದು ಸ್ಪಂದ ಹೋಗುತ್ತದೆ. ಸ್ಪಂದದ ದೈರ್ಘ್ಯ ಒಂದು ಮಿಲಿಸೆಕೆಂಡಾದರೆ ಒಂದು ತುದಿ, ಎರಡಾದರೆ ಇನ್ನೊಂದು ತುದಿ, ಒಂದೂವರೆಯಾದರೆ ತಟಸ್ಥ. ಹ್ರಸ್ವ, ದೀರ್ಘ, ಇವೆರಡರ ನಡುವೆ ನಿಂತ ಸ್ಥಿತಿ. ಛಂದಸ್ಸು ಬಲ್ಲವನು ಸರ್ವೋವನ್ನು ಬೇಗ ಕಲಿಯುತ್ತಾನೆ.

ಆಗಮದ ಸ್ಥಾನನಿರ್ಣಯದಲ್ಲಿ ಬಹಳ ಜಾಗರೂಕತೆ ಬೇಕು. ಚದರ ಅಂಗುಲಕ್ಕೆ 40 ಪೌಂಡ್ ಒತ್ತಡದಲ್ಲಿರುವ ಉಗಿಯ ಬಿಸಿ ಸುಮಾರು 140 ಡಿಗ್ರಿ. ಸರ್ವೋದ ಕವಚ ಪ್ಲಾಸ್ಟಿಕ್. ಬಾಯ್ಲರಿನ ಬೆನ್ನಿಗೆ ಅಂಟಿ ಕೂತ ಸರ್ವೋ ಮೊದಲು ಮೆತ್ತಗಾಗುತ್ತದೆ, ಆಮೇಲೆ ಉದಾಸೀನವಾಗುತ್ತದೆ, ಕಡೆಗೆ ಯಾವ ಸ್ಪಂದಕ್ಕೂ ಕಿವಿಗೊಡದ ಸಮಾಧಿಸ್ಥಿತಿಗೆ ಹೋಗುತ್ತದೆ. ಆದ್ದರಿಂದ ಕ್ಯಾಬಿನ ನೆಲದಡಿಯ ಹಿಂಭಾಗ, ಪಕ್ಕದ ನೀರುತೊಟ್ಟಿಯ ಪೊಳ್ಳು, ಅಥವಾ ಟೆಂಡರ್ ಇದ್ದರೆ ಟೆಂಡರು ಪ್ರಶಸ್ತ. ಬ್ಯಾಟರಿಗಳು ಬೆಂಕಿಯಿಂದ ಸಾಧ್ಯವಾದಷ್ಟು ದೂರ. ನಾಲ್ಕು ರೀಚಾರ್ಜ್ ಸೆಲ್‌ಗಳು 4.8 ವೋಲ್ಟ್ ಕೊಡುತ್ತವೆ, ಸಾಕು.

ಇಲ್ಲಿ ಒಂದು ವಿಸ್ಮಯವನ್ನು ದಾಖಲಿಸಬೇಕು. ಇಂದಿನ ನಿಯಂತ್ರಕಗಳು 2.4 ಗಿಗಾಹರ್ಟ್ಜ್ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ಆ ತರಂಗದ ಉದ್ದ ಸುಮಾರು 125 ಮಿಲಿಮೀಟರ್, ಅದರ ಕಾಲುಭಾಗವಾದ ಆಂಟೆನಾದ ಉದ್ದ 31.2 ಮಿಲಿಮೀಟರ್. ನಮ್ಮ ಸಣ್ಣ ಹಳಿಯ ಅಗಲ 32. ಎರಡು ಅಡಿ ಹಳಿಗೂ ವಿಶ್ವದ ಬೆಳಕಿನ ವೇಗಕ್ಕೂ ನಡುವೆ 0.8 ಮಿಲಿಮೀಟರ್ ಮಾತ್ರ ಅಂತರವೆಂದಾಯಿತು. ಇದು ಈಶ್ವರಸಂಕಲ್ಪವೆನ್ನಲು ಪ್ರಮಾಣ ಸಾಲದು, ಆಕಸ್ಮಿಕವೆನ್ನಲೂ ಸಾಲದು. ಪ್ರಾಯೋಗಿಕ ಫಲವಂತೂ ಸ್ಪಷ್ಟ: ಆಂಟೆನಾ ಉದ್ದ ಮರೆತವನು ಹಳಿಗಳ ನಡುವೆ ಹಿಡಿದು ನೋಡಿದರೆ ಕತ್ತರಿಸಬೇಕಾದ ಅಳತೆ ಸಿಗುತ್ತದೆ. ಆದರೆ ಹಿತ್ತಾಳೆಯ ಕ್ಯಾಬಿನೊಳಗೆ ಅದನ್ನು ಮಡಿಸಿಡುವುದು ನಿಷಿದ್ಧ. ಲೋಹದ ಮನೆಯೊಳಗೆ ಕುಳಿತವನಿಗೆ ಹೊರಗಿನ ಕರೆ ಕೇಳಿಸದು.

ಆದೇಶಸಂಧಿಯಲ್ಲಿ ಕ, ತ, ಪಗಳ ಜಾಗದಲ್ಲಿ ಗ, ದ, ಬಗಳು ಬರುತ್ತವೆ. ಕಠಿಣಕ್ಕೆ ಮೃದು ಆದೇಶ. ಘನ ಇಂಧನದ ಬಿಲ್ಲೆಗೆ ಬ್ಯುಟೇನ್ ಅನಿಲದ ಬರ್ನರ್ ಆದೇಶವಾಗುವುದು ಹೀಗೆಯೇ. ಬ್ಯುಟೇನಿನ ಕುದಿಬಿಂದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗಿರುವುದರಿಂದ ಇಂಗ್ಲೆಂಡಿನ ಚಳಿಗಾಲದಲ್ಲಿ ಅನಿಲದ ತೊಟ್ಟಿಯನ್ನು ಬೆಚ್ಚಗಿಡಲು ಪಡಬೇಕಾದ ಪಾಡು ವಿಜಯನಗರದಲ್ಲಿ ಇಲ್ಲ. ಬಿಲ್ಲೆಯ ಬದಲು ಕರ್ಪೂರವನ್ನೇಕೆ ಉರಿಸಬಾರದೆಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಎದ್ದೇ ಏಳುತ್ತದೆ. ಕರ್ಪೂರಪಕ್ಷವನ್ನು ನಾವು ಗೌರವದಿಂದ ನಿರಾಕರಿಸುತ್ತೇವೆ. ಅದು ನಿಶ್ಶೇಷವಾಗಿ ಉರಿಯುತ್ತದೆಂಬ ಪ್ರಸಿದ್ಧಿ ತಟ್ಟೆಯ ಮಟ್ಟಿಗೆ ನಿಜ. ಬಾಯ್ಲರಿನ ತಳದಲ್ಲಿ ಹಿಡಿಯುವ ಮಸಿ ಬೇರೆಯೇ ಕಥೆ ಹೇಳುತ್ತದೆ.

ಪ್ರಕೃತಿಭಾವಕ್ಕೆ ಒಂದೇ ಉದಾಹರಣೆ, ಅದೂ ಅನುಲ್ಲಂಘನೀಯ: ಸೇಫ್ಟಿ ವಾಲ್ವ್. ತಯಾರಕನು ಯಾವ ಒತ್ತಡಕ್ಕೆ ಇಟ್ಟಿದ್ದಾನೋ ಅದೇ ಒತ್ತಡ. ಅದರ ಸ್ಪ್ರಿಂಗನ್ನು ಬಿಗಿಮಾಡಿ ಶಕ್ತಿ ಹೆಚ್ಚಿಸುವೆನೆಂಬವನಿಗೆ ಈ ಶಾಸ್ತ್ರದಲ್ಲಿ ಸ್ಥಾನವಿಲ್ಲ. ಅವನಿಗೆ ಅನ್ವಯಿಸುವುದು ವೈದ್ಯಶಾಸ್ತ್ರ.

ಜಲಭೇದವನ್ನು ಸಂಕ್ಷೇಪದಲ್ಲಿ ಹೇಳುತ್ತೇವೆ. ನಲ್ಲಿಯ ಕಾವೇರಿ, ಕೊಳವೆಬಾವಿ, ಟ್ಯಾಂಕರ್, ಬ್ಯಾಟರಿ ನೀರು, ಮಳೆನೀರು ಎಂದು ಐದು. ಕೊಳವೆಬಾವಿಯದು ಬಾಯ್ಲರಿನೊಳಗೆ ಸುಣ್ಣದ ಕೋಟೆ ಕಟ್ಟುತ್ತದೆ. ಟ್ಯಾಂಕರಿನದು ಎಲ್ಲಿಂದ ಬಂದದ್ದೆಂದು ಟ್ಯಾಂಕರಿನವನೂ ಹೇಳಲಾರ, ಆದ್ದರಿಂದ ಅನಿರ್ವಚನೀಯ. ಲವಣವೆಲ್ಲ ಕಳೆದ ಬ್ಯಾಟರಿ ನೀರು ಹಿತ್ತಾಳೆಯೊಳಗಿನ ಸತುವನ್ನು ಸೆಳೆದುಕೊಳ್ಳುತ್ತದೆಂಬ ಆಕ್ಷೇಪವಿದೆ. ಉಳಿದವುಗಳಲ್ಲಿ ಪ್ರಶಸ್ತವಾದದ್ದು ಮಳೆನೀರು. 2009ರಿಂದ ನಗರದಲ್ಲಿ ಮಳೆನೀರು ಕೊಯ್ಲು ಕಡ್ಡಾಯವಾಗಿರುವುದಕ್ಕೆ ಅಂತರ್ಜಲವೇ ಕಾರಣವೆಂದು ಸರ್ಕಾರ ಹೇಳುತ್ತದೆ. ಶಾಸ್ತ್ರದೃಷ್ಟಿಗೆ ಬೇರೊಂದು ಫಲವೂ ಕಾಣುತ್ತದೆ: ಶಕಟಕ್ಕೆ ನೀರು. ಇನ್ನು ಕುದಿಯ ವಿಚಾರ: ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಈ ಊರಿನಲ್ಲಿ ನೀರು ತೆರೆದ ಪಾತ್ರೆಯಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ ಎಂಬುದು ನಮ್ಮೂರಿನ ಹೆಮ್ಮೆಯಾದರೂ, ಬಾಯ್ಲರ್ ಮುಚ್ಚಿದ ಪಾತ್ರೆಯಾದ್ದರಿಂದ ಉಪಯೋಗಕ್ಕೆ ಬಾರದ ಹೆಮ್ಮೆ.

ವರ್ಣಪ್ರಕರಣದಲ್ಲಿ ಮತಭೇದಗಳು ತೀವ್ರ. ನಾಲ್ಕು ವಾದಗಳನ್ನು ನಾವು ಅವುಗಳಿಗೆ ತಕ್ಕ ಬಡಾವಣೆಗಳಿಗೆ ಹಂಚಿದ್ದೇವೆ. ಹಳೆಯ ಬಣ್ಣವನ್ನೆಲ್ಲ ಲೋಹ ಕಾಣುವವರೆಗೆ ಕಳೆಯಬೇಕೆಂಬುದು ನಿಶ್ಶೇಷವಾದ. ಕೈಗಾರಿಕೆಯ ಸಂಸ್ಕಾರವಿರುವ ರಾಜಾಜಿನಗರಕ್ಕೆ ಇದು ಸಲ್ಲುತ್ತದೆ. ಹಳೆಯದರ ಮೇಲೆಯೇ ಹೊಸದನ್ನು ಬಳಿಯುವುದು ಉಪರಿಲೇಪವಾದ; ವಿಜಯನಗರ. ಎದ್ದು ಬಂದಲ್ಲಿ ಮಾತ್ರ ಉಜ್ಜಿ ಉಳಿದಲ್ಲಿ ಬಿಡುವುದು ಅಂಶಶೇಷವಾದ, ಬಸವೇಶ್ವರನಗರ. ಬಣ್ಣವೇ ಬೇಡ, ಹಿತ್ತಾಳೆ ಹಿತ್ತಾಳೆಯಾಗಿರಲಿ ಎಂಬ ಅಲೇಪವಾದ ಕೆಂಗೇರಿಯದು. ಅಲೇಪವಾದ ವಿಚಾರಾರ್ಹ. ಗಂಧಕಾಂಶವುಳ್ಳ ಗಾಳಿ ತಾಗಿದರೆ ತಾಮ್ರವೂ ಹಿತ್ತಾಳೆಯೂ ಕಪ್ಪಾಗುವುದು ರಸಾಯನಶಾಸ್ತ್ರದಲ್ಲಿ ಸಿದ್ಧ. ಕೆಂಗೇರಿಯ ಬಳಿ ಕೊಳಚೆ ಹೊತ್ತ ವೃಷಭಾವತಿ ನದಿಯ ದಡದಲ್ಲಿ ಅಂಥ ಗಾಳಿಗೆ ಕೊರತೆಯಿಲ್ಲ. ಆದ್ದರಿಂದ ಅಲೇಪವಾದಿಯ ಶಕಟ ಕಾಲಕ್ರಮದಲ್ಲಿ ತಾನೇ ಕಪ್ಪಾಗಿ, ಕಪ್ಪು ಬಣ್ಣ ಬಳಿದ ರಾಜಾಜಿನಗರದ ಶಕಟದಂತೆಯೇ ತೋರುತ್ತದೆ. ಇದಕ್ಕೆ ಸ್ವಯಂಲೇಪವೆಂದು ಹೆಸರು. ಉಪರಿಲೇಪವಾದವನ್ನು ಗಣಿತ ಖಂಡಿಸುತ್ತದೆ. ಒಂದು ಲೇಪದ ದಪ್ಪ 25 ಮೈಕ್ರಾನ್ ಎಂದಿಟ್ಟುಕೊಂಡರೆ, ಹಳೆಯ ಮೂರು, ಹೊಸ ಮೂರು ಸೇರಿ 150 ಮೈಕ್ರಾನ್. ಅಡಿಗೆ 16 ಮಿಲಿಮೀಟರಿನ ಲೆಕ್ಕದಲ್ಲಿ ಹತ್ತೊಂಬತ್ತು ಪಟ್ಟು ಹಿಗ್ಗಿಸಿದಾಗ ಮೂಲಶಕಟದ ಮೇಲೆ ಸುಮಾರು ಮೂರು ಮಿಲಿಮೀಟರ್ ದಪ್ಪದ ಬಣ್ಣ ನಿಲ್ಲುತ್ತದೆ. ಅಷ್ಟು ದಪ್ಪಕ್ಕೆ ಬಳಿಯುವುದು ಗೋಡೆಗೆ ಗಾರೆ, ಎಂಜಿನ್ನಿಗೆ ಬಣ್ಣವಲ್ಲ.

ನಿಶ್ಶೇಷವಾದವನ್ನೇ ನಾವು ಸಿದ್ಧಾಂತವಾಗಿ ಸ್ವೀಕರಿಸುತ್ತೇವೆ, ಒಂದು ಎಚ್ಚರಿಕೆಯೊಡನೆ. ಬಣ್ಣ ಕಳೆಯಲು ಕಾಸ್ಟಿಕ್ ಸೋಡಾ ಹಿತ್ತಾಳೆಗೆ, ಉಕ್ಕಿಗೆ ಸಹ್ಯ. ಅಲ್ಯೂಮಿನಿಯಂ ಮತ್ತು ಸತುವಿನ ಎರಕದ ಭಾಗಗಳನ್ನು ಅದು ತಿನ್ನುತ್ತದೆ. ಚಕ್ರ ಯಾವ ಲೋಹದ್ದೆಂದು ತಿಳಿಯದೆ ಸೋಡಾದಲ್ಲಿ ಮುಳುಗಿಸಿದವನು ಬೆಳಗ್ಗೆ ಎತ್ತಿದಾಗ ಬಣ್ಣ ಹೋಗಿರುತ್ತದೆ, ಚಕ್ರವೂ ಕೃಶವಾಗಿರುತ್ತದೆ. ಅನಂತರ ಹುಣಸೆಹಣ್ಣಿನ ಸ್ನಾನ. ಪೂಜಾಪಾತ್ರೆಗಳಿಗೆ ಹೇಳಿದ ವಿಧಿಯೇ ಇಲ್ಲಿಯದೂ. ಅದರಲ್ಲಿರುವ ಆಮ್ಲ ಹಿತ್ತಾಳೆಯ ಕಿಲುಬನ್ನು ಕರಗಿಸುತ್ತದೆ. ಸ್ನಾನವಾದ ಮೇಲೆ ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆರಳಿನ ಜಿಡ್ಡು ತಾಗಿದಲ್ಲಿ ಬಣ್ಣ ಹಿಡಿಯದು. ಹೀಗೆ ಮಡಿಯ ಪದ್ಧತಿಗೆ ಲೋಹಶಾಸ್ತ್ರದಲ್ಲಿ ಸಮರ್ಥನೆ ಸಿಗುವ ಏಕೈಕ ಸ್ಥಳ ಇದು. ಮೇಲೆ ಎಚಿಂಗ್ ಪ್ರೈಮರ್, ಅದರ ಮೇಲೆ ಎನಾಮೆಲ್; ಹೊಗೆಪೆಟ್ಟಿಗೆಗೆ ಮಾತ್ರ ಮೋಟಾರ್‌ಸೈಕಲ್ ಸೈಲೆನ್ಸರಿಗೆ ಬಳಿಯುವ ಶಾಖಸಹ ಕಪ್ಪು.

ಕಾಲನಿಯಮ: ಮಳೆಗಾಲದಲ್ಲಿ ಡ್ಯೂಕೋ ಸಿಂಪಡಿಸಿದರೆ ಗಾಳಿಯ ತೇವ ಲೇಪದೊಳಗೆ ಸಿಕ್ಕಿ ಬಿಳಿಯ ಮಂಕು ಕವಿಯುತ್ತದೆ. ಮಾಘ, ಫಾಲ್ಗುಣ ಪ್ರಶಸ್ತ. ರಾಹುಕಾಲ ದಿನಕ್ಕೆ ಸುಮಾರು ಒಂದೂವರೆ ಗಂಟೆ. ಅದು ಆರಂಭವಾಗುವ ಮುನ್ನ ಪ್ರೈಮರ್ ಮುಗಿಸಿದರೆ, ರಾಹುಕಾಲವನ್ನು ಒಣಗಿಸುವ ಕಾಲವಾಗಿ ವಿನಿಯೋಗಿಸಬಹುದು. ಆಸ್ತಿಕನಿಗೂ ನಾಸ್ತಿಕನಿಗೂ ಬಣ್ಣ ಒಂದೇ ಸಮ ಒಣಗುತ್ತದೆ.

ಹಸಿರಿನ ವಿಷಯ ಹೇಳದೆ ಮುಂದೆ ಹೋಗಲಾಗದು, ಏಕೆಂದರೆ ಉಗಿಬಂಡಿ ಕೊಂಡವರಲ್ಲಿ ಬಹುಪಾಲು ಜನ ಅದನ್ನು ಹಸಿರು ಮಾಡಲು ಬಯಸುತ್ತಾರೆ, ಹಸಿರೆಂದರೆ ಯಾವುದೆಂದು ಒಬ್ಬರಿಗೊಬ್ಬರು ಒಪ್ಪುವುದಿಲ್ಲ. ಗೇಟ್ ಹಸಿರು, ಆಟೋ ಹಸಿರು, ಗಿಳಿಹಸಿರು, ಬಾಳೆಎಲೆ ಹಸಿರು, ಪಾಚಿಹಸಿರು ಎಂದು ಪಂಚಹರಿತ. ಬಾಳೆಎಲೆಯಲ್ಲಿ ಮತ್ತೆ ಸುಳಿ, ಕುಡಿ, ಬಲಿತದ್ದು ಎಂದು ಮೂರು. ಬಣ್ಣದಂಗಡಿಯ ಟ್ಯೂಬ್‌ಲೈಟಿನಲ್ಲಿ ಬಾಳೆಎಲೆಯಾಗಿ ಕಂಡದ್ದು ತಾರಸಿಯ ಬಿಸಿಲಿನಲ್ಲಿ ಆಟೋ ಆಗುವುದುಂಟು; ಬೆಳಕು ಬದಲಾದಾಗ ವರ್ಣಸಾಮ್ಯ ತಪ್ಪುವುದು ದೃಗ್ವಿಜ್ಞಾನಿಗಳು ಬಲ್ಲ ಸಂಗತಿ. ಆದ್ದರಿಂದ ವರ್ಣನಿರ್ಣಯವನ್ನು ಬೆಳಗ್ಗೆ ಹತ್ತು ಗಂಟೆಗೆ, ತಾರಸಿಯ ಮೇಲೆ, ನೀರಿನ ಟ್ಯಾಂಕಿನ ನೆರಳಿನ ಹೊರಗೆ ಮಾಡತಕ್ಕದ್ದು. ಅಂಚುಗೆರೆಗಳ ವಿಷಯದಲ್ಲಿ ಮಾತ್ರ ಈ ಕರ್ಮಭೂಮಿಯಲ್ಲಿ ಅಚ್ಚರಿಯ ಐಕಮತ್ಯವಿದೆ. ಗೆರೆ ಎರಡಿದ್ದರೆ ಒಂದು ಹಳದಿ, ಇನ್ನೊಂದು ಕೆಂಪು, ಚರ್ಚೆಯಿಲ್ಲ.

ಚಾಲನಪ್ರಕರಣದಲ್ಲಿ ಆಕಾಶನಿಯಂತ್ರಣದ ಆವಶ್ಯಕತೆ ಸಿದ್ಧವಾಗಬೇಕು. ಮೂವತ್ತು–ನಲವತ್ತರ ನಿವೇಶನದ ಮನೆಯಲ್ಲಿ ಹಳಿಗೆ ದೊರೆಯುವ ಜಾಗ ತಾರಸಿ. ಮಳೆನೀರು ಹರಿಯಲೆಂದು ಗಾರೆಯವನು ಅದಕ್ಕೆ ಕೊಟ್ಟಿರುವ ವಾಟ ನೂರಕ್ಕೆ ಒಂದು ಎಂದಿಟ್ಟುಕೊಳ್ಳೋಣ. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಏರು 50ಕ್ಕೆ 1. ಅಂದರೆ ಬಸವೇಶ್ವರನಗರದ ಸಾಮಾನ್ಯ ತಾರಸಿ ಅರ್ಧ ಪಶ್ಚಿಮಘಟ್ಟಕ್ಕೆ ಸಮಾನ. ಏರಿಗೆ ಬೇಕಾದಷ್ಟು ಉಗಿ ಬಿಟ್ಟರೆ ಇಳಿಜಾರಿನಲ್ಲಿ ಶಕಟ ಮನುಷ್ಯನ ನಡಿಗೆಯ ವೇಗಕ್ಕೇರುತ್ತದೆ. ಗಂಟೆಗೆ 4 ಕಿಲೋಮೀಟರ್, ಹತ್ತೊಂಬತ್ತರಿಂದ ಗುಣಿಸಿದರೆ 76. ಎರಡು ಅಡಿಯ ಹಳಿಯ ಮೇಲೆ ಅದು ಆತ್ಮಹತ್ಯೆ. ರೇಡಿಯೋ ಇಲ್ಲದವನು ಸೋಲಾರ್ ಹೀಟರಿನ ಕೊಳವೆಗಳನ್ನೂ ಒಣಗಲು ಹಾಕಿದ ಹಪ್ಪಳವನ್ನೂ ದಾಟುತ್ತ ಬಂಡಿಯ ಹಿಂದೆ ಓಡಬೇಕು. ರೇಡಿಯೋ ಇರುವವನು ಮೆಟ್ಟಿಲ ಮೇಲೆ ಕುಳಿತು ಹೆಬ್ಬೆರಳು ಸರಿಸುತ್ತಾನೆ.

ಸಂಕೇತ ತಪ್ಪಿದಾಗ ಏನಾಗಬೇಕೆಂಬುದರಲ್ಲಿ ರಿಸೀವರುಗಳು ಎರಡು ಜಾತಿ. ಕಡೆಯ ಆಜ್ಞೆಯನ್ನೇ ಹಿಡಿದು ಮುಂದುವರಿಯುವುದು ಅಂತ್ಯಸ್ಮೃತಿಪಾಲಕ. ಮೊದಲೇ ಕಲಿಸಿಟ್ಟಂತೆ ರೆಗ್ಯುಲೇಟರನ್ನು ಮುಚ್ಚುವುದು ಸಂಕಲ್ಪಪಾಲಕ. ಸಾಯುವಾಗ ಏನನ್ನು ನೆನೆದನೋ ಅದೇ ಗತಿಯೆಂಬ ನ್ಯಾಯ ಜೀವಾತ್ಮನಿಗೆ ಸರಿ, ಶಕಟಕ್ಕೆ ಅಪಾಯ. ಎರಡನೆಯ ಜಾತಿಯನ್ನೇ ಕೊಳ್ಳತಕ್ಕದ್ದು.

ಆಯುಧಪೂಜೆಯ ವಿಧಿಯಲ್ಲಿ ಒಂದು ಸಮಸ್ಯೆ ಉಳಿದಿದೆ. ವಾಹನದ ಚಕ್ರದಡಿ ನಿಂಬೆಹಣ್ಣಿಟ್ಟು ಹತ್ತಿಸುವುದು ನಗರದ ಸಾರ್ವತ್ರಿಕ ಆಚಾರ. ಚಕ್ರದ ವ್ಯಾಸ ಸುಮಾರು 30 ಮಿಲಿಮೀಟರ್, ನಿಂಬೆಯದು 40. ಇಲ್ಲಿ ಚಕ್ರ ನಿಂಬೆಯನ್ನು ಹತ್ತದು. ನಾಲ್ಕು ನಿಂಬೆಗಳ ಮೇಲೆ ಶಕಟವೇ ಪೀಠಸ್ಥವಾಗಿ ನಿಲ್ಲುತ್ತದೆ. ಅದು ಪೂಜೆಗೆ ಶೋಭೆ, ಚಾಲನೆಗೆ ವಿಘ್ನ. ಸುಂಡೆಕಾಯಿಯನ್ನು ಪ್ರತಿನಿಧಿಯಾಗಿ ಸೂಚಿಸಬಹುದಿತ್ತು. ಆದರೆ ಅದರ ಬಲಿತ ಬೀಜ ಹಳಿಗೂ ಚಕ್ರದ ಅಂಚಿಗೂ ನಡುವೆ ಸಿಕ್ಕಿ ಬಂಡಿ ಹಳಿ ತಪ್ಪುತ್ತದೆ. ದ್ರಾಕ್ಷಿ ಮೃದು, ಬೀಜರಹಿತವಾದದ್ದು ಪೇಟೆಯಲ್ಲಿ ಲಭ್ಯ, ಆದರೆ ಆಮ್ಲತೆಯಲ್ಲಿ ನ್ಯೂನ. ಹುಳಿಯಿರುವ ಬೀಜರಹಿತ ದ್ರಾಕ್ಷಿಯೇ ನಮ್ಮ ನಿರ್ಣಯ. ವಿಭೂತಿಯನ್ನು ಬೆರಳಿನಿಂದ ಬಳಿಯಬಾರದು. ಬೆರಳಿನ ಗೆರೆ ಮೂಲಶಕಟದಲ್ಲಿ ಒಂದು ಅಡಿ ಅಗಲವಾಗುತ್ತದೆ. ಬೆಂಕಿಕಡ್ಡಿಯ ತುದಿ ವಿಹಿತ.

ದ್ವಿತೀಯ ಪ್ರಕರಣದಲ್ಲಿ ಡಬ್ಬಿ ಹಾಗೂ ಗಾರ್ಡು ಬಂಡಿಗಳ ವಿಚಾರ ಬರಲಿದೆ. ಮೇಲಿನ ಯಾವ ವರ್ಗಕ್ಕೂ ಸೇರದ ಶಕಟ ತಮ್ಮಲ್ಲಿದ್ದರೆ ಓದುಗರು ದಯವಿಟ್ಟು ವಿವರ ಬರೆದು ತಿಳಿಸಬೇಕು. ಬರೆಯುವಾಗ ಹಳಿಯ ಅಗಲವನ್ನು ಎರಡು ಹಳಿಗಳ ಒಳಮೈಗಳ ನಡುವೆ ಅಳೆಯಿರಿ, ಹೊರಮೈಗಳ ನಡುವೆ ಅಳೆಯಬೇಡಿ.